ಮೈಲಾರಿ ಹಲ್ಲಿನ ಗೂಟ ವಿಂಗಡಿಸಿದ್ದು

"ಯಕ್ಕಾ, ಹಲ್ಲಿನ ಡಾಕ್ಟರ ದವಾಖಾನಿ ಯಾ ಕಡೆ ಐತಿ?"

ಹೂ ಮಾರುವವಳು ಕಟ್ಟುತ್ತಿದ್ದ ಮಾಲೆ ಕೈಬಿಟ್ಟಳು. "ಅಯ್ಯ ನನ ಶಿವನ! ಇದು ಮೂರನೇ ಸಲ ಕೇಳಾಕತ್ತಿ. ಎರಡು ಸಲ ಹೇಳೀನಿ. ಹುಬ್ಬಳ್ಳಿ ಏನು ತಿರುಗಾಕತ್ತೇತೇನು?"

ಹುಬ್ಬಳ್ಳಿ ತಿರುಗುತ್ತಿರಲಿಲ್ಲ. ಮೈಲಾರಿ ತಿರುಗುತ್ತಿದ್ದ. ಮುಂದೆ ಮೈಲಾರಿ, ಅವನ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಅವನ ಅವ್ವ ಫಕೀರವ್ವ.

"ಏ ಮೈಲಾರಿ, ನಿನಗ ಈ ಅಕ್ಕ ಏನು ಹೇಳಿದ್ಲೋ?" ಎಂದಳು ಅವ್ವ.

"ಔಷಧದ ಅಂಗಡಿ ಎಡಕ್ಕ ಇಟಗೊಂಡು ಹೋಗು ಅಂದ್ಲು. ಇಟಗೊಂಡ ಹೊಂಟೀನಿ. ಒಮ್ಮೆನೂ ಬಲಕ್ಕ ಬಿಟ್ಟಿಲ್ಲ!"

ಅಂಗಡಿಯನ್ನು ಎಡಕ್ಕೇ ಇಟ್ಟುಕೊಂಡು ಅಂಗಡಿಯ ಸುತ್ತ ಮೂರು ಸುತ್ತು ಹಾಕಿದ್ದ. ಗುಡಿಯಾಗಿದ್ದರೆ ಪುಣ್ಯವಾದರೂ ಬರುತ್ತಿತ್ತು.

ಫಕೀರವ್ವ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವವಳು. ಅವಳ ಹೊಲಿಗೆ ನೇರ, ಮಾತು ನೇರ. ಮಗನೊಬ್ಬ ಅದಕ್ಕಿಂತ ನೇರ, ಅದೇ ಅವಳ ಗೋಳು. ಮುಂದಿನ ಹಲ್ಲು ಮುರಿದದ್ದೂ ಹಾಗೆಯೇ. ದಾರದ ಗಟ್ಟಿ ನೋಡಬೇಕೆಂದು ಒಂದು ತುದಿ ಮಗನ ಕೈಗೆ ಕೊಟ್ಟು, "ನಾ ಸಾಕು ಅನ್ನೋತನಕ ಜಗ್ಗು" ಎಂದು ಇನ್ನೊಂದು ತುದಿ ಹಲ್ಲಿಗೆ ಸುತ್ತಿ ಕಚ್ಚಿಕೊಂಡಳು. ಮೈಲಾರಿ ಜಗ್ಗಿದ. ಸಾಕು ಅನ್ನಬೇಕೆಂದರೆ ಬಾಯಿ ಬಿಡಬೇಕು, ಬಾಯಿ ಬಿಡಬೇಕೆಂದರೆ ದಾರ ಸಡಿಲಾಗಬೇಕು. ಮೈಲಾರಿ ಜಗ್ಗುತ್ತಲೇ ಇದ್ದ. ದಾರ ಗಟ್ಟಿಯಾಗಿತ್ತು.

ಹಲ್ಲಿಲ್ಲದೆ ಅವಳ ಬದುಕಿಲ್ಲ. ತೊಟ್ಟಿಲ ಕೌದಿಯ ಕೊನೆಯ ದಾರಕ್ಕೆ ಕತ್ತರಿಯ ಕಬ್ಬಿಣ ತಾಕಬಾರದು, ಹೊಲಿದವಳೇ ಹಲ್ಲಿನಿಂದ ಕಡಿಯಬೇಕು. ಅವಳ ಅವ್ವ ಕಲಿಸಿದ್ದು ಅದು. ಊರ ಬಸುರಿಯರೆಲ್ಲ ಅದಕ್ಕೇ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಕತ್ತರಿ ಹಿಡಿದರೆ ಆಕೆಯ ಕೌದಿಗೂ ಪೇಟೆಯ ಚಾದರಕ್ಕೂ ಏನು ಅಂತರ?

ಕೊನೆಗೆ ಹೂವಿನವಳೇ ಕೈಹಿಡಿದು ದವಾಖಾನೆಯ ಬಾಗಿಲಿಗೆ ಬಿಟ್ಟಳು.

ಡಾಕ್ಟರ್ ಹಸೀನಾ ನದಾಫ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದರು. "ಫಕೀರವ್ವ, ಹೆದರಬ್ಯಾಡ್ರಿ. ಹಲ್ಲು ಹೋಗೇತಿ, ಬೇರು ಗಟ್ಟಿ ಐತಿ. ಬೇರಿನೊಳಗ ಒಂದು ಗೂಟ ಹೂಡೂಣು. ಪೋಸ್ಟ್ ಅಂತೀವಿ ನಾವು. ಗೂಟದ ಮ್ಯಾಲ ದಿಂಡು ಕಟ್ಟೂಣು, ಅದು ಕೋರ್. ದಿಂಡಿನ ಮ್ಯಾಲ ಹಲ್ಲಿನಂಥದ್ದೇ ಟೋಪಿ. ನಾಕು ದಿನ ಬರಬೇಕು."

"ಗೂಟ ಯಾವುದರದ್ರಿ? ಕಬ್ಬಿಣ ಆದ್ರ ನನಗ ಬ್ಯಾಡ್ರಿ ಅಕ್ಕಾರ!"

"ಲೋಹದ್ದೂ ಅದಾವು, ಗಾಜಿನ ನಾರಿನವೂ ಅದಾವು. ನಿಮಗ ನಾರಿಂದ ಹಾಕೂಣು. ರೊಕ್ಕ ಬ್ಯಾಡ. ಶುಕ್ರವಾರ ನನ್ನ ಮೊಮ್ಮಗಳನ್ನ ತೊಟ್ಟಿಲಿಗೆ ಹಾಕ್ತೀವಿ. ಒಂದು ಕೌದಿ ಕೊಡ್ರಿ."

"ಶುಕ್ರವಾರದೊಳಗ ಕೊಡಲಿಲ್ಲಂದ್ರ ನಾ ಫಕೀರವ್ವನ ಅಲ್ಲ!" ಎಂದಳು. ಎಂದ ಮೇಲೆ ಅದು ಋಣ. ತಾನು ಕೊಟ್ಟ ಮಾತು ಅವಳಿಗೆ ರೊಕ್ಕದ ಸಾಲಕ್ಕಿಂತ ಭಾರ.

ಡಾಕ್ಟರು ಮೈಲಾರಿಯ ಕಡೆ ತಿರುಗಿ, "ತಮ್ಮಾ, ಆ ಡ್ರಾವರಿಗೆ ಕೈ ಹಚ್ಚಬ್ಯಾಡ" ಎಂದರು.

ಮೈಲಾರಿ ಕೈ ಹಚ್ಚಲಿಲ್ಲ. ಕಾಲಿನಿಂದ ಎಳೆದ. ಡಬ್ಬಿಯ ಮೇಲೆ ಡಬ್ಬಿ ಬಿದ್ದು, ಸೂಜಿಗಿಂತ ತುಸು ದಪ್ಪದ ನೂರಾರು ಗೂಟಗಳು ನೆಲದ ತುಂಬ ಉರುಳಿದವು!

"ಅಲ್ಲಾ!" ಎಂದರು ಡಾಕ್ಟರು. "ಆರಿಸೋ! ಉದ್ದಂದು ಒಂದು ಕಡೆ, ಗಿಡ್ಡಂದು ಒಂದು ಕಡೆ. ಕಲಸಬ್ಯಾಡ!"

ಅರ್ಧ ತಾಸಿನ ಮೇಲೆ ಹೊರಗೆ ಮಗುವಿನ ಚೀರಾಟ. ಡಾಕ್ಟರು ಓಡಿ ಬಂದು ನೋಡುತ್ತಾರೆ: ಕಾಯುತ್ತಿದ್ದವರಲ್ಲಿ ಉದ್ದನೆಯವರೆಲ್ಲ ಈ ಗೋಡೆಗೆ, ಗಿಡ್ಡನೆಯವರೆಲ್ಲ ಆ ಗೋಡೆಗೆ! ತಾಯಿ ಇತ್ತ, ಕೂಸು ಅತ್ತ. ಹೊಸದಾಗಿ ಮದುವೆಯಾದ ಜೋಡಿಯೊಂದು ಕಣ್ಣಲ್ಲೇ ಅಳುತ್ತಿತ್ತು.

"ಏ ಹುಚ್ಚಪ್ಪಾ! ಏನಿದು?"

"ಕಲಸಬ್ಯಾಡ ಅಂದ್ರಿ."

ಫಕೀರವ್ವ ಹಣೆ ಬಡಿದುಕೊಂಡಳು. ಡಾಕ್ಟರು ಎಂದರು: "ಉದ್ದ ಗಿಡ್ಡ ನೋಡಬ್ಯಾಡ! ಯಾವುದರಿಂದ ಮಾಡಿದ್ದು, ಅದನ್ನ ನೋಡು. ಲೋಹ ಒಂದು ಡಬ್ಬಿಗೆ, ನಾರು ಒಂದು ಡಬ್ಬಿಗೆ."

"ಹಂಗಾರ ಹಂಗ ಮಾಡ್ತೀನ್ರಿ."

ಮರುದಿನ ಒಬ್ಬರ ದವಡೆ ಹಲ್ಲು ಕೀಳುವುದಿತ್ತು. ಸೂಜಿ ಹಾಕಿದ್ದಾಯಿತು, ಬಾಯಿ ತೆರೆಸಿದ್ದಾಯಿತು. ಡಾಕ್ಟರು ಹಿಂದಕ್ಕೆ ಕೈ ಚಾಚಿದರು. ಇಕ್ಕಳವಿಲ್ಲ! ಕನ್ನಡಿಯಿಲ್ಲ! ತಟ್ಟೆಯೇ ಇಲ್ಲ!

"ಮೈಲಾರೀ! ನನ್ನ ಇಕ್ಕಳ ಎಲ್ಲೋ?"

"ಲೋಹದ ಡಬ್ಬಿಯೊಳಗ ರೀ!"

ಡಬ್ಬಿ ಸಾಲದೆ ಅಕ್ಕಿಯ ಡ್ರಮ್ಮು ತಂದಿದ್ದ. ಇಕ್ಕಳದ ಮೇಲೆ ಬೀಗದ ಕೈ, ಬೀಗದ ಕೈ ಮೇಲೆ ರೋಗಿಗಳ ಕೈಗಡಿಯಾರ, ಅದರ ಮೇಲೆ ಯಾರದೋ ಬೆಳ್ಳಿ ಕಾಲುಂಗುರ. ನಾರಿನ ಡಬ್ಬಿಯಲ್ಲಿ ಕಸಬರಿಗೆ, ತೆಂಗಿನಕಾಯಿ, ಮತ್ತು ಅವ್ವನ ಅರ್ಧ ಹೊಲಿದ ಕೌದಿ. ಕುರ್ಚಿಯ ಮೇಲಿನವರು ತೆರೆದ ಬಾಯಿ ಮುಚ್ಚಲಿಲ್ಲ. ಮೊದಲು ಸೂಜಿಗೆ ತೆರೆದದ್ದು, ಈಗ ದಿಗಿಲಿಗೆ.

"ಸತ್ತೆನೋ ನಿನ್ನ ಕೈಯಾಗ!" ಫಕೀರವ್ವ ಕೌದಿ ಎತ್ತಿಕೊಂಡು ತೆಂಗಿನ ಜುಂಗು ಕೊಡವಿದಳು. "ಗೂಟದ ಮಾತು ಹೇಳಿದ್ರ ಲೋಕಾನ ಆರಸ್ತಿಯಲ್ಲೋ!"

ಡಾಕ್ಟರಿಗೂ ಹಟ ಬಂತು. ಒಂದು ಗೂಟ ಎತ್ತಿ ಅವನ ಮೂಗಿನ ಮುಂದೆ ಹಿಡಿದರು. "ಇಲ್ಲಿ ನೋಡು. ಸುರುಳಿ ಸುರುಳಿ ಸುತ್ತು ಇರೋದು ಐತಲ್ಲ, ಅದನ್ನ ತಿರುಗಿಸಿ ತಿರುಗಿಸಿ ಕೂಡ್ರಸಬೇಕು. ನುಣ್ಣಗ ಇರೋದನ್ನ ಅಂಟು ಹಚ್ಚಿ ಕೂಡ್ರಿಸಿ, ಈ ನೀಲಿ ಬೆಳಕು ಹಿಡಿದು ಇಪ್ಪತ್ತು ಎಣಿಸಬೇಕು. ಕಲ್ಲಿನಂಗ ಗಟ್ಟಿ ಆಗತೈತಿ. ತಿಳೀತಿಲ್ಲೋ?"

"ತಿಳೀತ್ರಿ! ಸುರುಳಿ ತಿರುಗಸೋದು, ನುಣ್ಣಂದು ಅಂಟಸೋದು!"

ಮೂರನೇ ದಿನ ಬೆಳಿಗ್ಗೆ ಬ್ಯಾಂಕಿನ ಮೇಡಂ ಒಬ್ಬರು ಬಂದರು. ತಲೆ ತುಂಬ ಗುಂಗುರು ಕೂದಲು. ಅವರ ಹಿಂದೆ ನಿವೃತ್ತ ಹೆಡ್‌ಮಾಸ್ತರು. ತಲೆ ತೊಳೆದಿಟ್ಟ ತಾಮ್ರದ ಕೊಡ.

ಒಳಗಿದ್ದ ಡಾಕ್ಟರ ಕಿವಿಗೆ ಎಣಿಕೆ ಬಿತ್ತು. "ಹದಿನೆಂಟ, ಹತ್ತೊಂಬತ್ತ, ಇಪ್ಪತ್ತ!"

ಹೊರಗೆ ಬಂದರೆ, ಗುಂಗುರು ಕೂದಲಿನ ಮೇಡಂ ತಿರುಗುವ ಕುರ್ಚಿಯಲ್ಲಿ ಗಿರಗಿರ ಗಿರಗಿರ! ಪಕ್ಕದಲ್ಲಿ ಮಾಸ್ತರರು ಕೂತಲ್ಲೇ ಕೂತಿದ್ದಾರೆ, ನುಣ್ಣನೆಯ ತಲೆಯ ಮೇಲೆ ನೀಲಿ ಬೆಳಕು. ಅವರು ಎದ್ದರು. ಕುರ್ಚಿಯೂ ಎದ್ದಿತು!

"ಅಯ್ಯಯ್ಯೋ! ನಾನು ನಲವತ್ತು ವರ್ಷ ಹುಡುಗರನ್ನ ಬೆಂಚಿನ ಮ್ಯಾಲ ನಿಂದ್ರಸೀನಿ," ಎಂದರು ಮಾಸ್ತರರು, "ಇಂಥಾ ಶಿಕ್ಷಾ ನನಗ ಹೊಳೀಲೇ ಇಲ್ಲ!"

ಕುರ್ಚಿ ಬಿಟ್ಟಿತು. ಪಾಯಿಜಾಮದ ಹಿಂಭಾಗ ಮಾತ್ರ ಹರಿದು ಕುರ್ಚಿಗೇ ಉಳಿಯಿತು. ಫಕೀರವ್ವ ತೊಟ್ಟಿಲ ಕೌದಿಗೆಂದು ಇಟ್ಟಿದ್ದ ಕೆಂಪು ತುಂಡು ಹಚ್ಚಿ ಹೊಲಿದು ಅವರನ್ನು ಮನೆಗೆ ಕಳಿಸಿದಳು.

ಡಾಕ್ಟರು ಗಂಟಲು ಹರಿಯುವಂತೆ ಕೂಗಿದರು: "ಮನುಷ್ಯಾರಿಗೆ ಅಂಟು ಹಚ್ಚಬ್ಯಾಡೋ! ಹಲ್ಲು ಮತ್ತ ನಾರು ಎಲ್ಲಿ ಕೂಡತಾವು, ಅಲ್ಲಿ ಅಷ್ಟ ಹಚ್ಚಬೇಕು! ಅಲ್ಲಿ ಅಷ್ಟ!"

"ಅಲ್ಲಿ ಅಷ್ಟ," ಎಂದ ಮೈಲಾರಿ, ಎದೆಯ ಮೇಲೆ ಕೈ ಇಟ್ಟುಕೊಂಡು.

ನಾಲ್ಕನೇ ದಿನ ಅವನನ್ನು ಹೂವಿನವಳ ಹತ್ತಿರ ಕೂರಿಸಿ ಬಾಗಿಲು ಹಾಕಿಕೊಂಡರು. ನಾರಿನ ಗೂಟ ಕೂತಿತು. ಗೂಟದ ಮೇಲೆ ದಿಂಡು, ದಿಂಡಿನ ಮೇಲೆ ಟೋಪಿ. ಫಕೀರವ್ವ ಕನ್ನಡಿ ನೋಡಿ, ಸೆರಗು ಕೆಳಗಿಳಿಸಿ, ನಕ್ಕಳು. ನೋಡಲು ಹಲ್ಲು ಸರಿ, ಕಡಿಯಲು?

ಶುಕ್ರವಾರ, ದವಾಖಾನೆಯ ಪಕ್ಕದಲ್ಲೇ ಇದ್ದ ಡಾಕ್ಟರ ಮನೆಯ ತುಂಬ ಹೆಂಗಸರು. ತೊಟ್ಟಿಲು ಸಿಂಗಾರವಾಗಿತ್ತು, ಕೂಸು ಅಜ್ಜಿಯ ತೋಳಲ್ಲಿತ್ತು. ಫಕೀರವ್ವ ಕೌದಿ ಹರಡಿ, ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರಕ್ಕೆ ಬಾಯಿ ಹಚ್ಚಿದಳು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರು.

ಮೈಲಾರಿಯೂ ನೋಡುತ್ತಿದ್ದ. ಹಲ್ಲು. ದಾರ, ಅಂದರೆ ನಾರು. ಎರಡೂ ಕೂಡಿದ ಜಾಗ!

ಡಬ್ ಎಂದು ಅಂಟು ಹಚ್ಚಿದ. ದವಾಖಾನೆಯಿಂದ ಜೇಬಿಗೆ ಇಳಿಸಿಕೊಂಡಿದ್ದ ನೀಲಿ ಬೆಳಕಿನ ದೀಪ ತೆಗೆದ. "ಒಂದ, ಎರಡ, ಮೂರ..."

"ಊಂ! ಊಂಊಂ!" ಎಂದಳು ಫಕೀರವ್ವ. ಆಮೇಲೆ ಅದನ್ನೂ ಅನ್ನಲಾಗಲಿಲ್ಲ. ಇಪ್ಪತ್ತಾಗಿತ್ತು. ಹಲ್ಲಿಗೆ ದಾರ, ದಾರಕ್ಕೆ ಕೌದಿ, ಕೌದಿಗೆ ಅವಳು!

"ಯಾ ಅಲ್ಲಾ! ಕತ್ತರಿ ತರ್ರಿ, ಕತ್ತರಿ!" ಡಾಕ್ಟರು ಕಿರುಚಿದರು.

ಫಕೀರವ್ವ ಕಣ್ಣು ಕೆಂಪಗೆ ಮಾಡಿ ತಲೆ ಅಲ್ಲಾಡಿಸಿದಳು. ಕಬ್ಬಿಣ ತಾಕಬಾರದು! ಕೌದಿಯ ತುದಿ ಎತ್ತಿ ಮಗನ ಕೈಯಲ್ಲಿಟ್ಟಳು. ಹಿಡಿದಿರು ಸಾಕು, ನಾನೇ ಕಡೀತೀನಿ ಅಂತ ಅವಳ ಲೆಕ್ಕ. ದಾರ ಹಲ್ಲಿನಲ್ಲಿ, ತುದಿ ಕೈಯಲ್ಲಿ. ಮೈಲಾರಿಗೆ ಹಳೆಯ ಮಾತು ನೆನಪಾಯಿತು. ಸಾಕು ಅನ್ನೋತನಕ ಜಗ್ಗು!

ಜಗ್ಗಿದ.

ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡರು. ಫಕೀರವ್ವ ಕಣ್ಣು ಮುಚ್ಚಿ, ದವಡೆ ಬಿಗಿದು, ಇದ್ದ ಶಕ್ತಿಯನ್ನೆಲ್ಲ ಆ ಒಂದು ಹಲ್ಲಿಗೆ ಹಾಕಿದಳು.

ಟಪ್!

ಯಾವುದು ಹೋಯಿತು? ನಾಲಿಗೆಯಿಂದ ತಡವಿದಳು. ಹಲ್ಲು ಇದೆ. ಅಲ್ಲಾಡುತ್ತಿಲ್ಲ. ಹರಿದದ್ದು ದಾರ! ಮತ್ತೊಮ್ಮೆ ತಡವಿದಳು. ಆ ಖುಷಿಯಲ್ಲಿ ಸಾಕು ಅನ್ನುವುದನ್ನೇ ಮರೆತಳು.

ಅವಳು ಅನ್ನಲಿಲ್ಲ, ಅವನು ನಿಲ್ಲಲಿಲ್ಲ. ಕೌದಿ ಜಗ್ಗುತ್ತ ಜಗ್ಗುತ್ತ ಹಿಂದಕ್ಕೆ ಹಿಂದಕ್ಕೆ, ಹೊಸಿಲು ದಾಟಿ, ಮೆಟ್ಟಿಲು ಇಳಿದು, ಬೀದಿಗೆ!

"ಏ ಯಕ್ಕಾ!" ಹೂವಿನವಳ ಕೂಗು ಕೇಳಿತು. "ನಿನ್ನ ಮಗ ಕೌದಿ ಹೊತ್ತು ಔಷಧದ ಅಂಗಡಿ ಸುತ್ತಾಕತ್ತಾನ! ಎರಡಾದ್ವು!"

ಫಕೀರವ್ವ ಓಡಿದಳು. ಹಲ್ಲಿನಿಂದ ಗೇಣುದ್ದ ಕೆಂಪು ದಾರ ಹಾರಾಡುತ್ತಿತ್ತು. "ಸಾಕೋ! ಸಾಕು! ಸಾಕಂದ್ರ ಸಾಕೋ ನನ ತಂದಿ!"

ಮೈಲಾರಿ ನಿಂತ. "ಮೊದಲ ಅನ್ನಬಾರದೇನವ್ವಾ?"

ಏದುಸಿರು ಬಿಡುತ್ತ ಒಳಗೆ ಬಂದು, ಕೌದಿ ಕೊಡವಿ, ತೊಟ್ಟಿಲಿಗೆ ಹಾಸಿದಳು. ಡಾಕ್ಟರು ಕೂಸನ್ನು ಅದರ ಮೇಲೆ ಮಲಗಿಸಿದರು. ಹಲ್ಲಿನ ದಾರ ತೂಗುವುದನ್ನು ನೋಡಿ ಕೂಸು ಬೊಚ್ಚು ಬಾಯಿ ತೆರೆದು ನಕ್ಕಿತು.

"ನಿಮ್ಮ ಋಣ ತೀರಿತ್ರಿ, ಅಕ್ಕಾರ," ಎಂದಳು ಫಕೀರವ್ವ.