ನಾಲ್ಕನೆಯ ಕಲ್ಲುಸುತ್ತು

ಉತ್ತರ ಧ್ರುವಕ್ಕೆ ಹತ್ತಿರದಲ್ಲಿ ಒಂದು ಬಯಲು. ಅಲ್ಲಿ ಮರ ಬೆಳೆಯುವುದಿಲ್ಲ. ಬೇಸಿಗೆಯ ಎರಡು ತಿಂಗಳು ಸೂರ್ಯ ಮುಳುಗುವುದಿಲ್ಲ.

ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನ ಎಂದು ಕರೆದಿದೆ. ಬೇಲಿಯಿಲ್ಲ, ರಸ್ತೆಯಿಲ್ಲ. ವಾರಕ್ಕೆ ಎರಡು ಸಲ ಪುಟ್ಟ ವಿಮಾನವೊಂದು ಐದಾರು ಜನರನ್ನು ಇಳಿಸಿ, ಮೂರು ಗಂಟೆ ಕಾದು, ಮತ್ತೆ ಹತ್ತಿಸಿಕೊಂಡು ಹೋಗುತ್ತದೆ.

ಬಂದವರಿಗೆ ಆ ನೆಲವನ್ನು ಪರಿಚಯಿಸುವ ಕೆಲಸ ನೌಯಾ ಅಜ್ಜಿಯದು. ಅವಳು ಅಲ್ಲಿಯವಳೇ. ಅವಳ ಕೈಕೆಳಗೆ ಕೆಲಸ ಕಲಿಯಲು ಹೊಸಪೇಟೆಯಿಂದ ಭಾರ್ಗವಿ ಬಂದಿದ್ದಳು.

ಭಾರ್ಗವಿ ಓದಿಕೊಂಡು ಬಂದವಳು. ಹಿಮಸಾರಂಗ ಯಾವ ತಿಂಗಳಲ್ಲಿ ಹೊಳೆ ದಾಟುತ್ತದೆ, ಬಂಡೆಯ ಮೇಲಿನ ಪಾಚಿ ನೂರು ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಜನ ವಿಮಾನದಿಂದ ಇಳಿದ ಕೂಡಲೇ ಶುರು ಮಾಡಿದರೆ, ಅವರು ಮತ್ತೆ ಹತ್ತುವವರೆಗೂ ನಿಲ್ಲಿಸುತ್ತಿರಲಿಲ್ಲ.

ಒಂದು ದಿನ ವಿಮಾನ ಹೋದ ಮೇಲೆ ಅವಳು ಕೇಳಿದಳು. “ಇವತ್ತು ಚೆನ್ನಾಗಿ ಹೇಳಿದೆನಾ, ಅಜ್ಜಿ?”

“ಒಬ್ಬರೂ ಏನೂ ಕೇಳಲಿಲ್ಲ.”

“ಅವರು ಕೇಳುವ ಮೊದಲೇ ನಾನು ಎಲ್ಲ ಹೇಳಿಬಿಟ್ಟಿದ್ದೆನಲ್ಲ!”

“ಹೌದು,” ಎಂದಳು ನೌಯಾ.

ಅದು ಹೊಗಳಿಕೆಯೋ ಅಲ್ಲವೋ ಭಾರ್ಗವಿಗೆ ತಿಳಿಯಲಿಲ್ಲ.

“ನಾನೊಬ್ಬಳೇ ಜನರನ್ನು ಕರೆದುಕೊಂಡು ಹೋಗುವುದು ಯಾವಾಗ?”

“ಇನ್ನೂ ಸ್ವಲ್ಪ ದಿನ ಇರು.”

ಹೊಳೆಯ ಪಕ್ಕದ ದಿಬ್ಬದ ಮೇಲೆ ಮೂರು ಕಲ್ಲುಸುತ್ತುಗಳಿದ್ದವು. ಅಲ್ಲಿಯ ಜನ ಹಿಂದೆ ಬೇಸಿಗೆಯಲ್ಲಿ ಚರ್ಮದ ಡೇರೆ ಹಾಕಿ, ಗಾಳಿಗೆ ಹಾರದಂತೆ ಅಂಚಿನ ಮೇಲೆ ಕಲ್ಲು ಹೇರುತ್ತಿದ್ದರು. ಡೇರೆಗಳು ಹೋದವು. ಕಲ್ಲುಗಳು ಇದ್ದಲ್ಲೇ ಉಳಿದವು.

ಒಂದು ಸೋಮವಾರ ಬಂದವರಲ್ಲಿ ಮಾರ್ತಾ ಎಂಬ ಹೆಂಗಸಿದ್ದಳು. ಜೀವಮಾನವಿಡೀ ಟ್ರಾಮ್ ಓಡಿಸಿ ನಿವೃತ್ತಳಾದವಳು. ಮಾತು ಕಡಿಮೆ. ಕೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

“ನನ್ನ ಗಂಡ ಹಾಸಿಗೆ ಹಿಡಿದಿದ್ದಾನೆ,” ಎಂದಳು. “ಇಬ್ಬರೂ ಬರಬೇಕೆಂದಿದ್ದೆವು. ಹೋಗಿ ಓದಿ ಹೇಳುತ್ತೇನೆ.”

ಭಾರ್ಗವಿ ಮೂರು ಸುತ್ತುಗಳ ಬಗ್ಗೆ ಹೇಳಿ ಮುಗಿಸಿ ಮುಂದೆ ಹೊರಟಿದ್ದಳು. ಮಾರ್ತಾ ಮಾತ್ರ ಹಿಂದೆಯೇ ನಿಂತಳು.

“ಇದೇನು?”

ಅವಳ ಕಾಲಬಳಿ ಒಂದು ಪುಟ್ಟ ಸುತ್ತಿತ್ತು. ಕಲ್ಲುಗಳು ಮುಷ್ಟಿಯಷ್ಟು ದಪ್ಪ, ಅಗಲ ಒಂದು ಮೊಳ.

ಭಾರ್ಗವಿ ಅದನ್ನು ನೋಡಿಯೇ ಇರಲಿಲ್ಲ. ಅವಳು ಓದಿದ ಪುಸ್ತಕದಲ್ಲೂ ಇರಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

“ಒಲೆ,” ಎಂದಳು.

ಮಾರ್ತಾ ಹಾಗೆಯೇ ಬರೆದುಕೊಂಡಳು.

ಜನ ವಿಮಾನದತ್ತ ನಡೆದರು. ನೌಯಾ ಶಿಷ್ಯೆಯ ತೋಳು ಹಿಡಿದು ಆ ಪುಟ್ಟ ಸುತ್ತಿನ ಬಳಿಗೆ ಕರೆತಂದಳು.

“ಒಳಗೆ ಕೈ ಹಾಕಿ ನೋಡು.”

ಭಾರ್ಗವಿ ಮರಳನ್ನು ಬೆರಳಿನಿಂದ ಸರಿಸಿದಳು. ಬೂದಿಯಿಲ್ಲ. ಮಸಿಯಿಲ್ಲ. ಒಂದು ಕಲ್ಲೂ ಬಿಸಿಗೆ ಒಡೆದಿಲ್ಲ.

“ಹಾಗಾದರೆ ಇದೇನು, ಅಜ್ಜಿ?”

“ನನ್ನನ್ನು ಏಕೆ ಕೇಳುತ್ತೀಯ? ಒಲೆ ಎಂದವಳು ನೀನು.”

ವಿಮಾನದ ಎಂಜಿನ್ ಶುರುವಾಯಿತು.

ಭಾರ್ಗವಿಗೆ ಮಾರ್ತಾಳ ಪುಸ್ತಕ ಕಣ್ಣಮುಂದೆ ಬಂತು. ಯಾವುದೋ ಊರಿನ ಕೋಣೆಯಲ್ಲಿ, ಮಲಗಿದ ಒಬ್ಬ ಮನುಷ್ಯನಿಗೆ ಅವನ ಹೆಂಡತಿ ‘ಒಲೆ’ ಎಂದು ಓದುತ್ತಾಳೆ. ಅವನು ನಂಬುತ್ತಾನೆ.

ಅವಳು ಓಡಿದಳು. ಬೂಟು ಕೆಸರಿನಲ್ಲಿ ಹೂತು ಒಮ್ಮೆ ಬಿದ್ದಳು. ಎದ್ದು, ವಿಮಾನದ ಬಾಗಿಲು ಬಡಿದಳು.

“ನಾನು ಹೇಳಿದ್ದು ತಪ್ಪು!” ಎಂದು ಕೂಗಿದಳು. “ಅದು ಒಲೆಯಲ್ಲ.”

ಮಾರ್ತಾ ಬಾಗಿಲಿನಿಂದ ಬಗ್ಗಿದಳು. “ಮತ್ತೇನು?”

“ಗೊತ್ತಿಲ್ಲ.”

ಇಲ್ಲಿಗೆ ಬಂದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಗುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ನಿಂತಳು.

ಮಾರ್ತಾ ಸೊಂಟದ ಬೆಲ್ಟ್ ಬಿಚ್ಚುತ್ತಿದ್ದಳು.

“ಮಂಜು ಇಳಿಯುತ್ತಿದೆ,” ಎಂದು ಪೈಲಟ್ ಗೊಣಗಿದ. “ಹತ್ತೇ ನಿಮಿಷ.”

ಮಾರ್ತಾ ಇಳಿದಳು. ಅವಳ ಹಿಂದೆ ಉಳಿದವರೂ ಇಳಿದರು. ಎಲ್ಲರೂ ಆ ಪುಟ್ಟ ಸುತ್ತಿನ ಸುತ್ತ ಮೊಣಕಾಲೂರಿದರು. ಬೆಳಗಿನಿಂದ ತುಟಿ ಬಿಚ್ಚದವರು ಈಗ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು.

“ಇಲ್ಲಿ ನೋಡಿ, ಬಾಗಿಲಿಗೆ ಜಾಗ ಬಿಟ್ಟಿದ್ದಾರೆ.”

“ದೊಡ್ಡದರಲ್ಲೂ ಹಿಂದುಗಡೆ ಹೀಗೆಯೇ ಒಂದು ಚಪ್ಪಟೆ ಕಲ್ಲಿದೆ.”

“ಆದರೆ ದೊಡ್ಡವುಗಳ ಬಾಗಿಲುಗಳೆಲ್ಲ ಬಯಲಿನ ಕಡೆಗಿವೆ. ಇದರದು ಮಾತ್ರ ನೀರಿನ ಕಡೆಗೆ. ಏಕೆ?”

“ಗೊತ್ತಿಲ್ಲ,” ಎಂದಳು ಭಾರ್ಗವಿ. ಈ ಸಲ ಅಷ್ಟು ಕಷ್ಟವಾಗಲಿಲ್ಲ. ಅವಳೂ ನೆಲಕ್ಕೆ ಬಗ್ಗಿ ನೋಡುತ್ತಿದ್ದಳು.

ಮಾರ್ತಾ ಪುಟ್ಟ ಸುತ್ತಿನ ಚಪ್ಪಟೆ ಕಲ್ಲನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮೆಲ್ಲಗೆ ಹೇಳಿದಳು.

“ನಮ್ಮ ಮನೆ ಹಿಂದೆ ಒಡೆದ ಇಟ್ಟಿಗೆಯ ರಾಶಿಯಿತ್ತು. ನಾನೂ ಹೀಗೆ ಕಟ್ಟುತ್ತಿದ್ದೆ. ಒಂದು ಕೋಣೆ, ಒಂದು ಬಾಗಿಲು, ಒಂದು ಮಂಚ.” ದೊಡ್ಡ ಸುತ್ತಿನತ್ತ ಕೈ ತೋರಿದಳು. “ಅದು ಅಮ್ಮನ ಮನೆ. ಇದು ಮಕ್ಕಳದು. ಆಟದ ಮನೆ.”



ಮಾರ್ತಾ ಪುಸ್ತಕ ತೆರೆದು ‘ಒಲೆ’ಯನ್ನು ಹೊಡೆದುಹಾಕಿದಳು. ಅದರ ಕೆಳಗೆ ತುಂಬ ಹೊತ್ತು ಬರೆದಳು. ಪೈಲಟ್ ಎರಡು ಸಲ ಕೂಗಬೇಕಾಯಿತು.

ವಿಮಾನ ಮಂಜಿನೊಳಗೆ ಮರೆಯಾಯಿತು.

“ಗುರುವಾರ ಬರುವವರನ್ನು ನೀನೇ ಕರೆದುಕೊಂಡು ಹೋಗು,” ಎಂದಳು ನೌಯಾ. “ನಾನು ಮೀನು ಹಿಡಿಯಲು ಹೋಗುತ್ತೇನೆ.”

ಭಾರ್ಗವಿ ಖುಷಿಪಡುವುದನ್ನೂ ಮರೆತಿದ್ದಳು. ಅವಳ ಕಣ್ಣು ಇನ್ನೂ ಆ ಕಲ್ಲುಗಳ ಮೇಲಿತ್ತು.

“ಅಜ್ಜಿ, ಇದು ಆಟದ ಮನೆ ಎಂದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಇಷ್ಟು ದಿನ ಹೇಳಲೇ ಇಲ್ಲ!”

“ನೀನು ಕೇಳಿರಲಿಲ್ಲ.”

“ಈಗ ಕೇಳುತ್ತಿದ್ದೇನೆ. ಇದರ ಬಾಗಿಲೊಂದೇ ಏಕೆ ನೀರಿನ ಕಡೆಗಿದೆ?”

ನೌಯಾ ಕಷ್ಟಪಟ್ಟು ಮೊಣಕಾಲೂರಿ ಕುಳಿತಳು. ಜನರ ಕಾಲಿಗೆ ತಾಗಿ ಸರಿದಿದ್ದ ಕಲ್ಲೊಂದನ್ನು ಅದರ ಜಾಗಕ್ಕೆ ತಳ್ಳಿ, ಅಂಗೈಯಿಂದ ಒತ್ತಿದಳು.

“ನನ್ನ ತಂಗಿಯ ಹಟ,” ಎಂದಳು. “ಗಾಳಿ ಒಳಗೆ ಬರುತ್ತದೆ ಕಣೇ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.”