ಆಂಟೆನಾದ ಕಾಲಿನ ತಂತಿ

ಕಾಡುಮೇಡು ಹತ್ತುವ ಜೀಪೊಂದರ ಹಿಂಬದಿಯಲ್ಲಿ ಎತ್ತರದ ಆಂಟೆನಾ ನಿಂತಿತ್ತು. ಅದರ ಬುಡವನ್ನು ಜೀಪಿನ ಕಬ್ಬಿಣದ ಮೈಗೆ ಒಂದು ತಾಮ್ರದ ತಂತಿಯಿಂದ ಬಿಗಿದಿದ್ದರು. ಆಂಟೆನಾಕ್ಕೆ ಅದು ದೊಡ್ಡ ಅವಮಾನ.

"ಆಕಾಶದೊಡನೆ ಮಾತಾಡುವ ನನ್ನನ್ನು ಈ ಕೆಸರು ಮೆತ್ತಿದ ಮೈಗೆ ಕಟ್ಟುವುದೇ?" ಎಂದು ಪ್ರತಿ ಕುಲುಕಿಗೂ ಬೇಕೆಂದೇ ತೂಗಾಡಿ ತಂತಿಯನ್ನು ಸಡಿಲಿಸುತ್ತಿತ್ತು.

"ನೂರು ಸಲ ಹೇಳಿದ್ದೇನೆ, ಆ ತಂತಿ ಕಳಚಿದರೆ ನಿನ್ನಿಂದ ಏನೂ ಆಗದು, ಜೀಪಿನ ಮೈಯ ಆಸರೆಯಿಲ್ಲದೆ ಮಾತು ಹೊರಗೇ ಹೋಗದು," ಎಂದು ಒಳಗಿದ್ದ ರೇಡಿಯೋ ಗೊಣಗಿತು. ಆಂಟೆನಾ ಕೇಳಲಿಲ್ಲ. ಹಳ್ಳಕ್ಕೆ ಇಳಿಯುವಾಗ ತಂತಿ ಕಳಚಿಯೇ ಹೋಯಿತು.

ಆ ಹಳ್ಳದ ಮರಳಿನಲ್ಲಿ ಜೀಪು ಹೂತುಕೊಂಡಿತು. ನೀರು ಬಾಗಿಲವರೆಗೆ ಏರಿತು. ಜೀಪು ಓಡಿಸುತ್ತಿದ್ದ ದೇಚಮ್ಮ ಮೈಕು ಹಿಡಿದು, ಇನ್ನೊಂದು ಜೀಪಿನಲ್ಲಿ ಮುಂದೆ ಹೋಗಿದ್ದ ಗೆಳತಿಯರನ್ನು ಕೂಗಿದಳು. ಉತ್ತರವಿಲ್ಲ.

"ನಾನು ಕಳಿಸಿದ ಮಾತೆಲ್ಲ ತಿರುಗಿ ನನ್ನ ಎದೆಗೇ ಬಡಿಯುತ್ತಿದೆ! ನಾನು ಸುಟ್ಟುಹೋಗುತ್ತೇನೆ, ಅವಳು ಮುಳುಗುತ್ತಾಳೆ. ಈಗಲಾದರೂ ಬುದ್ಧಿ ಬಂತೇ?" ಎಂದು ರೇಡಿಯೋ ಸಿಡುಕಿತು.

"ಇವತ್ತು ಆಕಾಶವೇ ಸರಿಯಿಲ್ಲ," ಎಂದಿತು ಆಂಟೆನಾ.

ದೇಚಮ್ಮ ಹಿಂದಕ್ಕೆ ತೆವಳಿ ನೇತಾಡುವ ತಂತಿಯನ್ನು ಕಂಡಳು. ಚಾಕುವಿನಿಂದ ಜೀಪಿನ ಬಣ್ಣ ಕೆರೆದು, ಬರಿಯ ಕಬ್ಬಿಣಕ್ಕೆ ಅದನ್ನು ಬಿಗಿದು, ಮತ್ತೆ ಕೂಗಿದಳು.

"ಕೇಳಿಸಿತು, ಬಂದೆವು!" ಎಂಬ ದನಿ ಬಂತು.

ಗೆಳತಿಯರು ಹಗ್ಗ ಕಟ್ಟಿ ಜೀಪನ್ನು ದಡಕ್ಕೆಳೆದ ಮೇಲೆ ಆಂಟೆನಾ ಬೀಗಿತು. "ನೋಡಿದೆಯಾ, ನನ್ನ ದನಿ ಎಷ್ಟು ದೂರ ಹೋಯಿತು! ಇನ್ನಾದರೂ ಈ ತಂತಿಯನ್ನು ಬಿಚ್ಚಬಹುದಲ್ಲ?"

ರೇಡಿಯೋ ತಂತಿಯನ್ನು ಕರೆದು, "ಗಟ್ಟಿಯಾಗಿ ಹಿಡಿದುಕೋ ಮಾರಾಯ್ತಿ, ಇದಕ್ಕೆ ಹೇಳಿ ಹೇಳಿ ನನಗೆ ಸಾಕಾಯಿತು," ಎಂದಿತು.