ಮೊಳೆ ಹೊಡೆದ ಹಲಗೆ

"ಕೇಳಿರಪ್ಪಾ ಕೇಳಿ, ತಿರುಳರಾಯ ಪ್ರಭುಗಳ ಅಪ್ಪಣೆ! ಚಿತ್ರಸಾಲೆಗೆ ಹೊಸ ಪಾರುಪತ್ತೇಗಾರ ಬೇಕು. ಮೂರು ಒಗಟು ಬಿಡಿಸಿದವರಿಗೆ ಸಾಲೆಯ ಬೀಗದಕೈ, ಜೊತೆಗೆ ಕೇಳಿದ್ದೊಂದು ವರ. ತಪ್ಪಿದವರನ್ನು ಇವತ್ತು ಸಂಜೆ ಅಳಿಸಲಾಗುವುದು!"

ಈ ರಾಜ್ಯ ಎಲ್ಲಿದೆ ಅನ್ನುತ್ತೀರೋ? ನೀವು ಕಣ್ಣು ನೆಟ್ಟು ಕೂರುತ್ತೀರಲ್ಲ, ಕಂಪ್ಯೂಟರಿನ ಗಾಜು, ಅದರ ಹಿಂದೆಯೇ ಇದೆ. ನಿಮಗೆ ಕಾಣುವ ಒಂದೊಂದು ಚಿತ್ರವನ್ನೂ ಅಲ್ಲಿ ಚಿತ್ರಗಾರರು ಹಲಗೆಯ ಮೇಲೆ ಬರೆಯುತ್ತಾರೆ, ಹಮಾಲರು ಹೊತ್ತು ತಂದು ಗಾಜಿಗೆ ಆನಿಸಿ, ಕಾಣುತ್ತಿರುವ ತನಕ ಕದಲದಂತೆ ಮೊಳೆ ಹೊಡೆಯುತ್ತಾರೆ. ಗಾಜಿನ ಪಕ್ಕದ ಚಿತ್ರಸಾಲೆ ಕೈಗೆಟಕುವಷ್ಟು ಹತ್ತಿರ, ಆದರೆ ಚಿಕ್ಕದು. ಊರಾಚೆಯ ಉಗ್ರಾಣ ಬಲು ದೊಡ್ಡದು, ಆದರೆ ದೂರ. ಯಾವ ಹಲಗೆ ಸಾಲೆಯಲ್ಲಿರಬೇಕು, ಯಾವುದು ಉಗ್ರಾಣಕ್ಕೆ ಹೋಗಬೇಕು, ಯಾವುದನ್ನು ತೊಳೆದು ಬೇರೆಯವರಿಗೆ ಕೊಡಬೇಕು ಎಂದು ನೋಡಿಕೊಳ್ಳುವವನೇ ಪಾರುಪತ್ತೇಗಾರ. ಇನ್ನು ಅಳಿಸುವುದೆಂದರೆ ಅಲ್ಲಿ ಸಾವು. ಹೆಣವೂ ಉಳಿಯುವುದಿಲ್ಲ.

ಇಪ್ಪತ್ತು ವರ್ಷ ಆ ಕೆಲಸ ಮಾಡಿದ ಕಾಳಿಂಗಯ್ಯ ಈಗ ಸೆರೆಯಲ್ಲಿದ್ದ. ಮೂರು ದಿನದ ಹಿಂದೆ ಗಾಜು ಇದ್ದಕ್ಕಿದ್ದಂತೆ ಕಪ್ಪಾಗಿ, ಹೊರಗಿನ ಜನ ಅದನ್ನು ತಟ್ಟಿ ತಟ್ಟಿ ಬೈದದ್ದು ಅರಮನೆಗೂ ಕೇಳಿತ್ತು. ತಪ್ಪು ಕಾಳಿಂಗಯ್ಯನದೇ ಎಂದು ತೀರ್ಮಾನವಾಗಿ, ಅವನನ್ನೂ ಇವತ್ತು ಸಂಜೆಯೇ ಅಳಿಸುವುದಿತ್ತು. ಅವನ ಮಗಳು ಸಂಕವ್ವ ಸಾಲೆಯ ಹಿತ್ತಲಲ್ಲಿ ಹಲಗೆ ತೊಳೆಯುವವಳು. ಡಂಗುರ ಕಿವಿಗೆ ಬಿದ್ದದ್ದೇ ತಡ, ಒದ್ದೆ ಕೈ ಒರೆಸಿಕೊಂಡು ಸೆರಗು ಸಿಕ್ಕಿಸಿ ಆಸ್ಥಾನಕ್ಕೆ ನಡೆದಳು. ಅಪ್ಪನನ್ನು ಬಿಡಿಸಿಕೊಂಡೇ ಬರುವುದು, ಇಲ್ಲವೇ ಅವನ ಜೊತೆಗೇ ಹೋಗುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಉತ್ತರವನ್ನು ದೊರೆಯ ಕಿವಿಯಲ್ಲಿ ಹೇಳಬೇಕೆಂಬುದು ನಿಯಮ. ತಪ್ಪಾದರೆ ದೊರೆಯೇ ಅದನ್ನು ಸಭೆಗೆಲ್ಲ ಸಾರಿಬಿಡುತ್ತಿದ್ದ. ದಂಡನಾಯಕನ ಮಗ ಮೀಸೆ ತಿರುವಿಕೊಂಡು ಹೋದವನು ಮೊದಲನೆಯದಕ್ಕೇ ಮುಗ್ಗರಿಸಿದ. ಕೀರ್ತಿ ಅಂದನಂತೆ, ಪಾಪ. ಗಣಿತದ ಪಂಡಿತ ಹೇಗೋ ಒಂದು ದಾಟಿ ಎರಡನೆಯದರಲ್ಲಿ ಕಾವಲುಗಾರ ಅಂದು ಸಿಕ್ಕಿಬಿದ್ದ. ಇಬ್ಬರನ್ನೂ ಕೈಕಟ್ಟಿ ಕರೆದೊಯ್ದಮೇಲೆ ಸಭೆಯಲ್ಲಿ ಯಾರೂ ಕೂತಲ್ಲಿಂದ ಅಲುಗಲಿಲ್ಲ. ಆಗ ಸಂಕವ್ವ ಮುಂದೆ ಬಂದು ನಿಂತಳು. ಆಸ್ಥಾನಿಕರು ಮುಸಿಮುಸಿ ನಕ್ಕರು.

"ಹುಟ್ಟಿಸಿದವನು ಬಿಟ್ಟು ಹೋದರೂ ಅದು ಸಾಯುವುದಿಲ್ಲ. ಎಷ್ಟು ಜನ ಹಿಡಿದಿದ್ದಾರೋ ಅಷ್ಟು ಜೀವ ಅದಕ್ಕೆ. ಏನದು?" ಎಂದ ತಿರುಳರಾಯ.

ಸಂಕವ್ವನಿಗೆ ನಗು ಬಂತು. ಅದು ಅವಳ ದಿನದ ಕೆಲಸ. ಹಲಗೆ ಅಂದಳು. ಹಲಗೆ ಬೇಕಾದ ಪ್ರತಿಯೊಬ್ಬರೂ ಅದರ ದಾರಕ್ಕೊಂದು ಗಂಟು ಹಾಕುತ್ತಾರೆ, ಕೆಲಸ ಮುಗಿದಮೇಲೆ ತಮ್ಮ ಗಂಟು ತಾವೇ ಬಿಚ್ಚುತ್ತಾರೆ. ಬರೆದವನು ಮನೆಗೆ ಹೋದನೆಂದು ನೀರು ಹಾಕುವಂತಿಲ್ಲ, ಕೊನೆಯ ಗಂಟು ಬಿಚ್ಚಿದ ಮೇಲೇ ತೊಳೆಯುವುದು. ದೊರೆ ತಲೆಯಾಡಿಸಿದ.

"ಇಬ್ಬರ ನಡುವೆ ನಿಲ್ಲುತ್ತದೆ, ಮಾತಾಡದೆ ಒಬ್ಬನನ್ನು ತಡೆಯುತ್ತದೆ, ಇನ್ನೊಬ್ಬನ ಕೆಲಸ ಮುಗಿದೊಡನೆ ಇಲ್ಲವಾಗುತ್ತದೆ. ಯಾವುದದು?"

ಕೆಂಪು ಬಟ್ಟೆ ಎಂದಳು. ಚಿತ್ರಗಾರ ಬರೆಯುವಾಗ ಹಲಗೆಗೆ ಕೆಂಪು ಬಟ್ಟೆ ಇಳಿಬಿಡುತ್ತಾನೆ, ಮುಗಿದಾಗ ತಾನೇ ತೆಗೆಯುತ್ತಾನೆ. ಅದಿರುವ ತನಕ ಹಮಾಲರು ಹಲಗೆ ಮುಟ್ಟುವುದಿಲ್ಲ. ಮುಟ್ಟಿದರೆ ಅರ್ಧ ಬರೆದ ಚಿತ್ರ ಗಾಜಿನಲ್ಲಿ ಹರಕಲಾಗಿ ಕಾಣುತ್ತದೆ. ಅದೂ ಸರಿಯಾಯಿತು. ನಗುತ್ತಿದ್ದವರು ಕತ್ತು ಚಾಚಿ ನೋಡತೊಡಗಿದರು.

"ಸಾಲೆ ತುಂಬಿದೆ. ಎಲ್ಲ ಹಲಗೆಗೂ ಗಂಟಿದೆ, ತೊಳೆಯುವಂತಿಲ್ಲ. ಹೊಸ ಹಲಗೆ ಬಾಗಿಲಲ್ಲಿದೆ. ಯಾವುದನ್ನು ಉಗ್ರಾಣಕ್ಕೆ ಕಳಿಸುತ್ತೀ?"

ದೊರೆಗೆ ಬೇಕಾದ ಉತ್ತರ ಸಂಕವ್ವನಿಗೆ ಗೊತ್ತಿತ್ತು. ಮೂರು ದಿನದ ಹಿಂದೆ ಸಾಲೆ ತುಂಬಿದಾಗ ಅವನು ಅಲ್ಲಿಗೆ ಬಂದು ಅವಸರದಲ್ಲಿ ಕೂಗಿದ್ದು ಹಿತ್ತಲಿಗೂ ಕೇಳಿಸಿತ್ತು: ದೊಡ್ಡದನ್ನು ಸಾಗಿಸಿ, ಜಾಗವಾಗುತ್ತದೆ. ಅದನ್ನೇ ಕಿವಿಯಲ್ಲಿ ಹೇಳಿದರೆ ಬೀಗದಕೈ ಸಿಗುತ್ತದೆ, ವರ ಸಿಗುತ್ತದೆ, ಅಪ್ಪ ಮನೆಗೆ ಬರುತ್ತಾನೆ. ಆದರೆ ಅಂದು ಗಾಜು ಕಪ್ಪಾದದ್ದೇ ಆ ಮಾತಿನಿಂದ. ಅಪ್ಪ ಎದುರಾಡಲು ಹೆದರಿ ಕಳಿಸಿದ್ದ. ಇವತ್ತು ತಾನೂ ಹೆದರಿದರೆ ನಾಳೆ ಮತ್ತೆ ಗಾಜು ಕಪ್ಪಾಗುವುದು, ಇನ್ನೊಬ್ಬರ ಮನೆ ಹಾಳಾಗುವುದು. ಅವಳು ದೊರೆಯ ಕಿವಿಯಿಂದ ಹಿಂದೆ ಸರಿದು ಸಭೆಗೆಲ್ಲ ಕೇಳುವಂತೆ ಹೇಳಿದಳು.

"ದೊಡ್ಡದನ್ನಲ್ಲ, ಪ್ರಭು. ಬಹಳ ಹೊತ್ತಿನಿಂದ ಯಾರೂ ನೋಡದ ಹಲಗೆಯನ್ನು ಕಳಿಸಬೇಕು. ಗಂಟು ಹಾಗೇ ಇರಲಿ, ಅದು ಎಲ್ಲಿದೆಯೆಂದು ಪಟ್ಟಿಯಲ್ಲಿ ಬರೆದಿಟ್ಟರೆ ಕೇಳಿದಾಗ ತರಬಹುದು. ಆದರೆ ಗಾಜಿಗೆ ಆನಿಸಿ ಮೊಳೆ ಹೊಡೆದ ಹಲಗೆಯನ್ನು ಯಾರು ಹೇಳಿದರೂ ಕದಲಿಸಬಾರದು. ನೀವು ಹೇಳಿದರೂ."

ದೊರೆಯ ಮುಖ ಕೆಂಪಾಯಿತು. ಭಟರು ಅವಳ ತೋಳು ಹಿಡಿದರು. ಸಂಕವ್ವ ಕೊಸರಾಡಲಿಲ್ಲ. ಸಾಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಲಗೆ ಯಾವುದೆಂದು ಒಮ್ಮೆ ತಿರುಗಿ ನೋಡಿ ಎಂದು ಮಾತ್ರ ಕೇಳಿಕೊಂಡಳು.

ತಿರುಳರಾಯ ಆಸ್ಥಾನದ ಕಿಟಕಿಯಿಂದ ಸಾಲೆಯತ್ತ ತಿರುಗಿ ನೋಡಿದ. ಗಾಜಿನ ಉದ್ದಗಲಕ್ಕೂ ನಿಂತ ಹಲಗೆ ಅಲ್ಲೇ ಇತ್ತು, ಅದಕ್ಕಿಂತ ದೊಡ್ಡದು ಸಾಲೆಯಲ್ಲಿ ಇನ್ನೊಂದಿರಲಿಲ್ಲ. ಅಂದು ತಾನು ಸಾಗಿಸಲು ಹೇಳಿದ್ದು ಗಾಜಿನ ಹಲಗೆಯನ್ನೇ ಎಂದು ಅವನಿಗೆ ಹೊಳೆಯಿತು.

"ಕೈ ಬಿಡಿ ಆ ಹೆಣ್ಣುಮಗಳದ್ದು," ಎಂದ ಭಟರಿಗೆ. "ನಿನಗೇನು ಬೇಕು, ಕೇಳವ್ವಾ."

ಸೆರೆಮನೆ ಖಾಲಿಯಾಗಲಿ ಎಂದು ಕೇಳಿದಳು. ಸಂಜೆಯೊಳಗೆ ದಂಡನಾಯಕನ ಮಗನೂ ಪಂಡಿತನೂ ತಮ್ಮತಮ್ಮ ಮನೆ ಸೇರಿದರು. ಕಾಳಿಂಗಯ್ಯ ಮಗಳ ಕೈ ಹಿಡಿದು ಅತ್ತ. ಬೀಗದಕೈ ಸಂಕವ್ವನ ಸೊಂಟಕ್ಕೆ ಬಂತು.

ಮರುದಿನವೇ ಸಾಲೆ ಮತ್ತೆ ತುಂಬಿತು. ಅಭ್ಯಾಸಬಲ ನೋಡಿ, ದೊರೆ ಓಡೋಡಿ ಬಂದು ಆ ದೊಡ್ಡ ಹಲಗೆಯ ಕಡೆಗೇ ಕೈ ತೋರಿಸಿದ.

"ಮೊಳೆ ಹೊಡೆದಿದೆ, ಪ್ರಭು," ಎಂದಳು ಸಂಕವ್ವ.

ದೊರೆ ಕೈ ಇಳಿಸಿ, ಬಾಗಿಲ ಬಳಿ ಹೊಸ ಹಲಗೆ ಹೊತ್ತು ನಿಂತಿದ್ದ ಹಮಾಲರ ಪಕ್ಕದಲ್ಲೇ ತಾನೂ ಕಾದು ನಿಂತ.